ಕರಿಕಾಯಿಗಳಲ್ಲಿ ಬೆಂಕೊ ಗ್ಯಾಂಬಿಟ್ ಆಡಿ ಗೆದ್ದ ಬಗೆ: ನನ್ನ ಅನುಭವ

ಬೆಂಕೊ ಗ್ಯಾಂಬಿಟ್ ಎಂದರೆ ಚೆಸ್‌ನಲ್ಲಿ ಕರಿಯವರು ಆರಂಭದಲ್ಲೇ ಒಂದು ಕಾಲಾಳನ್ನು ಬಲಿಕೊಟ್ಟು, ಎ ಮತ್ತು ಬಿ ಲಂಬಸಾಲುಗಳಲ್ಲಿ ಒತ್ತಡ ಹೇರುವ ಆಟ. ಅದರ ಕಾಲ ಮುಗಿಯಿತು, ಎಂಜಿನ್ (ಚೆಸ್ ಆಡುವ ಕಂಪ್ಯೂಟರ್ ಪ್ರೋಗ್ರಾಂ) ಬಿಳಿಗೆ ಅರ್ಧ ಕಾಲಾಳಿಗಿಂತ ಹೆಚ್ಚಿನ ಮೇಲುಗೈ ತೋರಿಸುತ್ತದೆ ಎಂದು ನಮ್ಮ ಕ್ಲಬ್ಬಿನ ಹಿರಿಯರು ಹೇಳುತ್ತಲೇ ಇದ್ದರು. ಮಂಗಳೂರಿನ ರೇಟಿಂಗ್ ಟೂರ್ನಿಯೊಂದರಲ್ಲಿ, ರೇಟಿಂಗ್‌ನಲ್ಲಿ, ಅಂದರೆ ಆಟಗಾರರ ಬಲ ಅಳೆಯುವ ಅಂಕದಲ್ಲಿ, ನನಗಿಂತ ಸುಮಾರು 250 ಪಾಯಿಂಟ್ ಮೇಲಿದ್ದ ಆಟಗಾರನನ್ನು ಅದೇ ಗ್ಯಾಂಬಿಟ್‌ನಿಂದ ಸೋಲಿಸಿದ ಮೇಲೆ ಅವರಲ್ಲೇ ಕೆಲವರು ನಾನು ನಡೆಗಳನ್ನು ಬರೆದಿಟ್ಟ ಫೈಲು ಕೇಳುತ್ತಿದ್ದಾರೆ.

ಮೊದಲ ಒಂದೆರಡು ವರ್ಷ ಇದರಿಂದ ನಷ್ಟವೇ ಹೆಚ್ಚು. ಪ್ರವೇಶ ಶುಲ್ಕ, ಬಸ್ಸು, ಲಾಡ್ಜು ಸೇರಿ ಟೂರ್ನಿಯೊಂದಕ್ಕೆ 5–6 ಸಾವಿರ ಖರ್ಚಾಗುತ್ತಿತ್ತು. ವಿಡಿಯೊ ಕೋರ್ಸ್‌ಗೆ ಕೊಟ್ಟ 3 ಸಾವಿರದಷ್ಟು ಹಣ ಬೇರೆ. ಬಿಳಿಯವರು ಒಂಟೆಯನ್ನು ಜಿ2 ಚೌಕದಲ್ಲಿ ಕೂರಿಸಿ, ಆನೆಯನ್ನು ಬಿ1ಕ್ಕೆ ತಂದು, ಬಿ ಕಾಲಾಳನ್ನು ಬಿ3ಕ್ಕೆ ಆಡಿ, ಕಪ್ಪು ಚೌಕದ ಒಂಟೆಗಳನ್ನು ಬದಲಾಯಿಸಿಕೊಂಡರೆ, ನನ್ನ ಕೈಯಲ್ಲಿ ಒಂದು ಕಾಲಾಳಿನ ಕೊರತೆಯಲ್ಲದೆ ಬೇರೇನೂ ಉಳಿಯುತ್ತಿರಲಿಲ್ಲ. ಬೇಸತ್ತು ಕೆಲಕಾಲ, ಕಾಲಾಳನ್ನು ಬಲಿಕೊಡುವ ಇನ್ನೊಂದು ಆರಂಭವಾದ ಬುಡಾಪೆಸ್ಟ್ ಗ್ಯಾಂಬಿಟ್ ಆಡಿದೆ. ಅಲ್ಲಿ ಬಿಳಿಯವರು ಕಾಲಾಳನ್ನು ಹಿಂತಿರುಗಿಸಿ ನೆಮ್ಮದಿಯಿಂದ ಕೂರುತ್ತಾರೆ, ನನಗದು ಒಗ್ಗಲಿಲ್ಲ.

ದಾರಿ ತೆರೆದದ್ದು ಮಂತ್ರಿಗಳಿಲ್ಲದ ಸ್ಥಿತಿಗಳನ್ನೇ ಬಿಡದೆ ಅಭ್ಯಾಸ ಮಾಡಿದಾಗ. ಕಾಲಾಳು ಕಡಿಮೆಯಿದ್ದವರು ಮಂತ್ರಿ ಬದಲಾವಣೆಗೆ ಹೋಗಬಾರದೆಂಬ ಮಾತು ಇಲ್ಲಿ ನಡೆಯದು. ಬದಲಾವಣೆಯ ನಂತರವೂ ಎ ಮತ್ತು ಬಿ ಸಾಲುಗಳ ಒತ್ತಡ ಕಡಿಮೆಯಾಗುವುದಿಲ್ಲ. ಎಂಜಿನ್‌ನ ಬಲ ತಗ್ಗಿಸಿ, ಅದೇ ಸ್ಥಿತಿಯನ್ನು ರಾತ್ರಿಗಟ್ಟಲೆ ಎರಡೂ ಕಡೆಯಿಂದ ಆಡಿದೆ.

ಮಂಗಳೂರಿನ ಆ ಪಂದ್ಯದಲ್ಲಿ ಎಫ್1ರಲ್ಲಿ ಒಂಟೆಗಳು ಬದಲಾಗಿ, ಎದುರಾಳಿಯ ರಾಜ ನಡೆದುಕೊಂಡೇ ಜಿ2 ಸೇರಿತು. ನಾನು ಎ6ರಲ್ಲಿ ಮಂತ್ರಿ ಬದಲಾವಣೆಗೆ ಆಹ್ವಾನವಿತ್ತಾಗ ಅವರು ಸಂತೋಷದಿಂದಲೇ ಒಪ್ಪಿದರು. ನಂತರ ಎಫ್6ರ ಕುದುರೆಯನ್ನು ಇ8, ಸಿ7 ಮಾರ್ಗವಾಗಿ ಬಿ5ಕ್ಕೆ ತಂದು ಅವರ ಸಿ3 ಕುದುರೆಯನ್ನು ಬದಲಾಯಿಸಿದೆ. ಆಗ ಬಿ2ರ ಮೇಲೆ ಬಿ5ರ ಆನೆಯೂ ಜಿ7ರ ಒಂಟೆಯೂ ಒಟ್ಟಿಗೆ ಎರಗಿದವು. ಗಡಿಯಾರದಲ್ಲಿ ಐದಾರು ನಿಮಿಷವಷ್ಟೇ ಉಳಿದಿದ್ದ ಅವರು ಅದನ್ನು ಕಾಯಲು ಎ1ರ ಆನೆಯನ್ನು ಬಿ1ಕ್ಕೆ ಸರಿಸಿದರು. ಎ6ರಲ್ಲಿದ್ದ ನನ್ನ ಆನೆ ನೇರವಾಗಿ ಎ2 ಕಾಲಾಳನ್ನು ಕಡಿಯಿತು. ಮೂರು ಕಾಯಿಗಳ ದಾಳಿಗೆ ಸಿಕ್ಕ ಬಿ2 ಸಹ ಬೇಗನೆ ಬಿತ್ತು. ಅಲ್ಲಿಂದ ಮುಂದೆ ನನ್ನ ಸಿ ಕಾಲಾಳನ್ನು ತಡೆಯುವವರಿರಲಿಲ್ಲ. ಸುಮಾರು 45ನೇ ನಡೆಯಲ್ಲಿ ಅವರು ಸೋಲೊಪ್ಪಿ ಕೈಚಾಚಿದರು.

ಬಿ3 ವ್ಯೂಹಕ್ಕೆ ನಾನು ಕಂಡುಕೊಂಡ ಉತ್ತರವನ್ನು ಇಲ್ಲಿ ಬರೆಯುತ್ತಿಲ್ಲ. ಮುಂದಿನ ಟೂರ್ನಿಗಳಲ್ಲಿ ಬಹುಪಾಲು ಇದೇ ಎದುರಾಳಿಗಳು ಸಿಗುತ್ತಾರೆ. ರೇಟಿಂಗ್ ವಿಭಾಗದ ಬಹುಮಾನವಾಗಿ ಬಂದ 4 ಸಾವಿರದಷ್ಟು ಹಣ ಆಗಲೇ ಮುಂದಿನ ಪ್ರವೇಶ ಶುಲ್ಕಗಳಿಗೆ ಹೋಗಿದೆ.