ಹೊಕ್ಕುಳಬಳ್ಳಿಯ ರಕ್ತ, ಬಂಗುಡೆ ಸಾರು

ಬಸುರಿ ಕುಡಿಯುವ ನೀರಿನಲ್ಲಿ ಆರ್ಸೆನಿಕ್ ಎಂಬ ವಿಷವಿದ್ದರೆ ಹುಟ್ಟುವ ಮಗುವಿನ ಜೀನ್‌ಗಳಿಗೆ ಏನಾಗುತ್ತದೆ ಎಂದು ನೋಡುವ ಅಧ್ಯಯನ ನಮ್ಮದು. ಕರ್ನಾಟಕದಲ್ಲಿ ಆರ್ಸೆನಿಕ್ ಅಂದರೆ ರಾಯಚೂರು, ಯಾದಗಿರಿಯ ಚಿನ್ನದ ಗಣಿ ಸೀಮೆ. ಹಾಸನದಲ್ಲಿ ಕೂತು ನಿಮಗೇನು ಅದರ ಉಸಾಬರಿ ಅಂತ ತುಂಬಾ ಜನ ಕೇಳಿದ್ದಾರೆ. ಹೋಲಿಸಿ ನೋಡಲು ಆರ್ಸೆನಿಕ್ ಕಡಿಮೆ ಇರುವ ತಾಯಂದಿರೂ ಬೇಕಲ್ಲ, ಆ ಪಾಲು ನಮಗೆ ಬಂದಿತ್ತು. ಹೆರಿಗೆ ವಾರ್ಡಿನಿಂದ ಮಾದರಿ ತಂದು ಕೆಡದಂತೆ ಲ್ಯಾಬಿಗೆ ಮುಟ್ಟಿಸುವುದು ನನ್ನ ಕೆಲಸ.

ತಾಯಿ ಕುಡಿದ ನೀರಿನ ಆರ್ಸೆನಿಕ್ ಮಾಸನ್ನು ದಾಟಿ ಮಗುವಿಗೆ ಹೋಗುತ್ತದೆ. ಅದನ್ನು ಹೊರಹಾಕಲು ಲಿವರ್ ಅದಕ್ಕೆ ಮೀಥೈಲ್ ಗುಂಪು ಎಂಬ ಪುಟ್ಟ ರಾಸಾಯನಿಕ ತುಣುಕನ್ನು ಅಂಟಿಸುತ್ತದೆ. ಯಾವ ಜೀನ್ ಕೆಲಸ ಮಾಡಬೇಕು, ಯಾವುದು ಸುಮ್ಮನಿರಬೇಕು ಎಂದು ಡಿಎನ್‌ಎ ಮೇಲೆ ಗುರುತು ಹಾಕುವುದಕ್ಕೂ ಬೇಕಾದದ್ದು ಅದೇ ಮೀಥೈಲ್. ಹಾಗಾಗಿ ಆರ್ಸೆನಿಕ್ ಈ ಗುರುತುಗಳನ್ನೂ ಏರುಪೇರು ಮಾಡಬಹುದು ಎಂಬ ಅನುಮಾನ. 2007ರಲ್ಲಿ ಪ್ರಕಟವಾದ ಥಾಯ್ಲೆಂಡಿನ ರೊನ್ ಫಿಬುನ್ ಅಧ್ಯಯನದಲ್ಲಿ ತಾಯಂದಿರು ಬರೀ 32. ಆರ್ಸೆನಿಕ್ ಸೋಕಿದವರ ಮಕ್ಕಳ ಬಳ್ಳಿ ರಕ್ತದಲ್ಲಿ ಉರಿಯೂತಕ್ಕೆ ಸಂಬಂಧಿಸಿದ ಜೀನ್‌ಗಳು ಚುರುಕಾಗಿದ್ದವು. ಆಮೇಲೆ ಮೆಕ್ಸಿಕೊದ ಗೋಮೆಸ್ ಪಲಾಸಿಯೊದಲ್ಲಿ 200 ತಾಯಿ-ಮಗು ಜೋಡಿಗಳನ್ನು ನೋಡಿದರು.

ಓದಲು ಚೆನ್ನಾಗಿದೆ. ಮಾಡಲು ಹೊರಟಾಗ ಅಡ್ಡ ಬಂದದ್ದು ಮೀನು.

ಸಕಲೇಶಪುರದ ಕಡೆಯವರ ಮನೆಗೆ ಮಂಗಳೂರಿನ ಮೀನು ಘಾಟಿ ಹತ್ತಿ ಬರುತ್ತದೆ. ಸಮುದ್ರದ ಮೀನಿನಲ್ಲಿ ಆರ್ಸೆನೊಬೀಟೇನ್ ಎಂಬ ಆರ್ಸೆನಿಕ್‌ನ ಇನ್ನೊಂದು ರೂಪ ಇರುತ್ತದೆ. ಅದರಿಂದ ಅಪಾಯವಿಲ್ಲ, ಬಂದ ಹಾಗೇ ಮೂತ್ರದಲ್ಲಿ ಹೋಗಿಬಿಡುತ್ತದೆ. ಆದರೆ ತಾಯಿಯ ಮೂತ್ರದಲ್ಲಿ ಒಟ್ಟು ಆರ್ಸೆನಿಕ್ ಅಳೆದರೆ ಅದೂ ಲೆಕ್ಕಕ್ಕೆ ಸೇರಿ, ಒಳ್ಳೆ ನೀರು ಕುಡಿದವಳ ಅಂಕಿಯೂ ಮೇಲೇರುತ್ತದೆ. ಹಾಗಾಗಿ ಮೂತ್ರ ಪಡೆಯುವ ಮೊದಲು ಊಟ ವಿಚಾರಿಸಲೇಬೇಕು.

"ಮೀನು ತಿಂದಿದ್ದೇನಮ್ಮಾ?" ಅಂದರೆ ಬಸುರಿ ಬಾಯಿ ಬಿಡುವ ಮೊದಲೇ ಅತ್ತೆ, "ಇಲ್ಲ ಮೇಡಂ, ಬರೀ ಮುದ್ದೆ, ಸೊಪ್ಪಿನ ಸಾರು" ಅನ್ನುತ್ತಾರೆ. ಅತ್ತೆ ಟೀ ತರಲು ಹೋದಾಗ ಮತ್ತೆ ಕೇಳಬೇಕು. "ನಿನ್ನೆ ರಾತ್ರಿ ಬಂಗುಡೆ ಮಾಡಿದ್ರು, ಎರಡು ತುಂಡು ತಿಂದೆ." ಅವಳ ಮಾದರಿ ನಾಲ್ಕೈದು ದಿನ ಬಿಟ್ಟು. ಆರ್ಸೆನಿಕ್‌ನ ಬಗೆಬಗೆಯ ರೂಪಗಳನ್ನು ಬಿಡಿಸಿ ಅಳೆಯುವ ಯಂತ್ರಗಳಿವೆ, ನಿಜ. ಖರ್ಚು ಜಾಸ್ತಿ. ಕೇಳುವುದಕ್ಕೆ ಖರ್ಚಿಲ್ಲ.

ಬಳ್ಳಿ ರಕ್ತದ್ದು ಬೇರೆ ಕಥೆ. "ಮಗು ರಕ್ತ ತಗೊಂಡ್ರೆ ಅದಕ್ಕೆ ಕಮ್ಮಿ ಆಗಲ್ವಾ?" ಎಂದು ಎಲ್ಲರೂ ಕೇಳುತ್ತಾರೆ, ಕೇಳಬೇಕು ಕೂಡ. ಹೆರಿಗೆಯಾಗಿ ಒಂದು ನಿಮಿಷವಾದರೂ ಕಳೆದು, ಬಳ್ಳಿ ಕತ್ತರಿಸಿ ಮಗು ಬೇರೆಯಾದ ಮೇಲೆ ಮಾಸಿನ ಕಡೆ ಉಳಿದ ರಕ್ತವನ್ನಷ್ಟೇ ನಾವು ಪಡೆಯುವುದು. ಬಳ್ಳಿಯನ್ನು ಮೊದಲು ಚೆನ್ನಾಗಿ ಒರೆಸಬೇಕು, ಇಲ್ಲದಿದ್ದರೆ ತಾಯಿಯ ರಕ್ತ ಬೆರೆಯುತ್ತದೆ. ಯಾವ ಜೀನ್ ಚುರುಕಾಗಿದೆ ಎಂದು ತಿಳಿಸುವ ಆರ್‌ಎನ್‌ಎ ಬಹಳ ಬೇಗ ಕೆಡುವುದರಿಂದ ಅದನ್ನು ಹಿಡಿದಿಡುವ ದ್ರವವಿರುವ ಟ್ಯೂಬಿಗೆ ತಕ್ಷಣ ಹಾಕಬೇಕು. ನಡುರಾತ್ರಿಯ ಹೆರಿಗೆಗೆ ನಾನಿರುವುದಿಲ್ಲ. ಡ್ಯೂಟಿ ಸಿಸ್ಟರ್ ಮನಸ್ಸು ಮಾಡಿದರೆ ಮಾದರಿ, ಇಲ್ಲದಿದ್ದರೆ ಇಲ್ಲ. ಇಡೀ ಅಧ್ಯಯನ ಅವರ ಕೈಯಲ್ಲಿದೆ ಎಂದರೂ ತಪ್ಪಲ್ಲ.

ಬಾಣಂತಿಯರು ಆಮೇಲೆ ಫೋನ್ ಮಾಡಿ, "ನನ್ನ ಮಗೂದು ಏನು ಬಂತು?" ಅನ್ನುತ್ತಾರೆ. ಜೀನ್ ವ್ಯತ್ಯಾಸ ಗುಂಪಿನ ಸರಾಸರಿಯಲ್ಲಿ ಕಾಣುವಂಥದ್ದು, ಒಂದು ಮಗುವಿನ ಭವಿಷ್ಯ ಅದರಿಂದ ಹೇಳಲಾಗದು. ಅದಕ್ಕೇ ಮನೆಯ ನೀರಿನ ವರದಿ ಮಾತ್ರ ಕೊಡುತ್ತೇವೆ: ಲೀಟರಿಗೆ 10 ಮೈಕ್ರೊಗ್ರಾಂ ಮಿತಿ, ನಿಮ್ಮ ಬೋರ್ ನೀರಿನದು ಇಷ್ಟು. ಜೊತೆಗೆ ಇನ್ನೊಂದು ಮಾತು ತಪ್ಪದೆ ಹೇಳುತ್ತೇನೆ: ಕುದಿಸಿದರೆ ಆರ್ಸೆನಿಕ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಸಾಂದ್ರತೆ ಹೆಚ್ಚುತ್ತದೆ.