ಎಲ್ಲ ಟೆಸ್ಟೂ ಎಲ್ಲರಿಗೂ ಬೇಡ: ಮಗಳಿಗೆ, ನನಗೆ, ಅಮ್ಮನಿಗೆ ನಾನು ಮಾಡಿದ ಪಟ್ಟಿ

ನಮ್ಮ ಮನೆಯ ಮೂರು ತಲೆಮಾರಿನ ಹೆಂಗಸರ ಆರೋಗ್ಯ ತಪಾಸಣೆಯನ್ನು ನಾನೇ ನೋಡಿಕೊಳ್ಳುತ್ತೇನೆ. ಇದಕ್ಕೆ ಕೈಹಾಕಿದಾಗ ಮೊದಲು ಪಕ್ಕಕ್ಕಿಟ್ಟಿದ್ದು 'ಫುಲ್ ಬಾಡಿ ಚೆಕಪ್' ಪ್ಯಾಕೇಜುಗಳನ್ನು. ರಕ್ತದ ಟೆಸ್ಟುಗಳ ಪಟ್ಟಿ ಉದ್ದಕ್ಕೆ ಇರುತ್ತದೆ. ಆದರೆ ಹೆಂಗಸರಿಗೆ ನಿಜವಾಗಿ ಬೇಕಾದ ಗರ್ಭಕಂಠದ ಪರೀಕ್ಷೆ ಎಷ್ಟೋ ಸಲ ಇರುವುದೇ ಇಲ್ಲ. ಅದರ ಬದಲು ಅಂಡಾಶಯದ ಕ್ಯಾನ್ಸರಿನ ಸುಳಿವಿಗೆಂದು ಮಾಡುವ ಸಿಎ-125 ಎಂಬ ರಕ್ತದ ಟೆಸ್ಟ್ ಇರುತ್ತದೆ. ಯಾವ ತೊಂದರೆಯೂ ಇಲ್ಲದ, ಮನೆಯಲ್ಲಿ ಯಾರಿಗೂ ಅಂಡಾಶಯದ ಕ್ಯಾನ್ಸರ್ ಬಂದಿಲ್ಲದ ಹೆಂಗಸಿಗೆ ಆ ಟೆಸ್ಟ್ ಬೇಕಿಲ್ಲ. ಗರ್ಭಕೋಶದಲ್ಲಿ ಫೈಬ್ರಾಯ್ಡ್ ಗಡ್ಡೆ ಇದ್ದರೂ, ಮುಟ್ಟಾಗಿದ್ದರೂ ಆ ಅಂಕಿ ಏರಬಹುದು. ಸುಮ್ನೆ ಹೆದರಿಕೆ, ಅದರ ಹಿಂದೆ ಮತ್ತಷ್ಟು ಟೆಸ್ಟು.

ಹಾಗಾಗಿ ಡಾಕ್ಟರ ಜೊತೆ ಕೂತು ಪ್ರತಿ ಟೆಸ್ಟಿಗೂ ಎರಡೇ ಪ್ರಶ್ನೆ ಕೇಳಿದೆ. ಈ ವಯಸ್ಸಿಗೆ ಇದು ಯಾಕೆ ಬೇಕು? ರಿಪೋರ್ಟಿನಲ್ಲಿ ಏನಾದರೂ ಬಂದರೆ ಮುಂದೇನು ಮಾಡುತ್ತೀರಿ? ಎರಡನೆಯದಕ್ಕೆ ಸರಿಯಾದ ಉತ್ತರ ಸಿಗದ ಟೆಸ್ಟನ್ನು ಹೊಡೆದುಹಾಕಿದೆ.

ಮಗಳ ಪಟ್ಟಿ ಚಿಕ್ಕದು. ಮೊದಲನೆಯದು ಎಚ್‌ಪಿವಿ ಎಂಬ ವೈರಸ್ಸನ್ನು ತಡೆಯುವ ಲಸಿಕೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಸರಿಯಾದ ವಯಸ್ಸು 9ರಿಂದ 14. ಗರ್ಭಕಂಠದ ಕ್ಯಾನ್ಸರ್‌ಗಳಲ್ಲಿ ಸುಮಾರು ಶೇ 70ರಷ್ಟಕ್ಕೆ ಈ ವೈರಸ್ಸಿನ 16 ಮತ್ತು 18ನೇ ಬಗೆಗಳೇ ಕಾರಣ. ಲಸಿಕೆ ಮುಖ್ಯವಾಗಿ ಅವನ್ನು ತಡೆಯುತ್ತದೆ. ಎಲ್ಲ ಬಗೆಗಳನ್ನೂ ತಡೆಯುವುದಿಲ್ಲ. ಆದ್ದರಿಂದ ಲಸಿಕೆ ಹಾಕಿಸಿಕೊಂಡವಳಿಗೂ ಮುಂದೆ ತಪಾಸಣೆ ತಪ್ಪಿದ್ದಲ್ಲ. ಇದನ್ನು ಅವಳ ಫೈಲಿನ ಮೊದಲ ಪುಟದಲ್ಲೇ ಬರೆದಿಟ್ಟಿದ್ದೇನೆ. ಇನ್ನೊಂದು ಹಿಮೋಗ್ಲೋಬಿನ್. 12 ವರ್ಷ ದಾಟಿದ ಹುಡುಗಿಗೆ ಅದು 12 ಗ್ರಾಂಗಿಂತ (ಪ್ರತಿ ಡೆಸಿಲೀಟರಿಗೆ) ಕಡಿಮೆಯಾದರೆ ರಕ್ತಹೀನತೆ. ಮುಟ್ಟಿನಲ್ಲಿ ಸ್ರಾವ ಜಾಸ್ತಿ ಇರುವ ಹುಡುಗಿಯರಿಗೆ ಈ ಟೆಸ್ಟ್ ಮುಖ್ಯ. ಸುಸ್ತಾದ ಹುಡುಗಿಗೆ ಸೋಮಾರಿ ಅನ್ನುವ ಮೊದಲು ಇದೊಂದನ್ನು ನೋಡಬೇಕು.

ನನ್ನ ಪಟ್ಟಿಯಲ್ಲಿ ನಾನು ಬಿಡದೆ ಮಾಡಿಸುವುದು ಗರ್ಭಕಂಠದಲ್ಲಿ ಆ ವೈರಸ್ ಇದೆಯೇ ಎಂದು ನೋಡುವ ಎಚ್‌ಪಿವಿ ಡಿಎನ್‌ಎ ಟೆಸ್ಟ್. 30 ತುಂಬಿದ ಮೇಲೆ 5ರಿಂದ 10 ವರ್ಷಕ್ಕೊಮ್ಮೆ ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಗರ್ಭಕಂಠದ ಜೀವಕೋಶಗಳನ್ನು ನೋಡುವ ಪ್ಯಾಪ್ ಟೆಸ್ಟ್ ಆದರೆ ಸಾಮಾನ್ಯವಾಗಿ 3 ವರ್ಷಕ್ಕೊಮ್ಮೆ. ಹೆಂಗಸರು ಹಿಂಜರಿಯುವುದು ಇದಕ್ಕೇ ಅಲ್ವಾ? ಅದಕ್ಕೇ ಬಿಡಿಸಿ ಹೇಳುತ್ತೇನೆ. ಮಂಚದ ಮೇಲೆ ಮಲಗಿ ಮಂಡಿ ಮಡಚಿಕೊಳ್ಳಬೇಕು. ಸ್ಪೆಕ್ಯುಲಮ್ ಎಂಬ ಸಾಧನವನ್ನು ಯೋನಿಯೊಳಗೆ ಇಟ್ಟು ಅಗಲಿಸುತ್ತಾರೆ. ಮೆತ್ತನೆಯ ಸಣ್ಣ ಬ್ರಶ್ಶಿನಿಂದ ಗರ್ಭಕಂಠವನ್ನು ಸವರಿ ಮಾದರಿ ತೆಗೆಯುತ್ತಾರೆ. ಒಂದು ಬಗೆಯ ಒತ್ತಡ ಅನಿಸುತ್ತದೆ, ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ. ನಾನು ಮೊದಲೇ ಚಿಕ್ಕ ಅಳತೆಯ ಸ್ಪೆಕ್ಯುಲಮ್ ಕೇಳುತ್ತೇನೆ. ಉಸಿರನ್ನು ನಿಧಾನವಾಗಿ ಹೊರಬಿಡುತ್ತಾ ಸೊಂಟ ಸಡಿಲ ಮಾಡುತ್ತೇನೆ. ನೋವಾದರೆ 'ನಿಲ್ಲಿಸಿ' ಅನ್ನುತ್ತೇನೆ. ಹಾಗೆನ್ನುವ ಹಕ್ಕು ಎಲ್ಲರಿಗೂ ಇದೆ. ಮುಟ್ಟಿನ ದಿನಗಳಲ್ಲಿ ಹೋಗುವುದಿಲ್ಲ. ಎರಡು ದಿನ ಮೊದಲಿನಿಂದ ಒಳಗೆ ಯಾವ ಔಷಧಿಯನ್ನೂ ಇಟ್ಟುಕೊಳ್ಳುವುದಿಲ್ಲ. ಎಚ್‌ಪಿವಿ ಟೆಸ್ಟಿಗೆ ಮಾದರಿಯನ್ನು ನಾವೇ ತೆಗೆದುಕೊಡುವ ಕ್ರಮವೂ ಇದೆ. ತೀರಾ ಸಂಕೋಚ ಇರುವವರು ಅದನ್ನು ಕೇಳಿ ನೋಡಬಹುದು.

ಪಾಸಿಟಿವ್ ಬಂದ ಕೂಡಲೇ ಕ್ಯಾನ್ಸರ್ ಅಂತ ಅಲ್ಲ. ಹೆಚ್ಚಿನ ಎಚ್‌ಪಿವಿ ಸೋಂಕು ಎರಡು ವರ್ಷದೊಳಗೆ ತಾನಾಗಿ ಹೋಗುತ್ತದೆ. ಉಳಿದುಕೊಂಡ ಸೋಂಕು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15-20 ವರ್ಷ ಬೇಕು. ನನ್ನ ಎರಡನೆಯ ಪ್ರಶ್ನೆಗೆ ಇಷ್ಟು ಒಳ್ಳೆಯ ಉತ್ತರ ಸಿಕ್ಕ ಟೆಸ್ಟ್ ಬೇರೆ ಇಲ್ಲ. ಕೆಡಲು ಶುರುವಾದ ಜೀವಕೋಶಗಳನ್ನು ಕ್ಯಾನ್ಸರ್ ಆಗುವ ಮೊದಲೇ ಹಿಡಿದು ತೆಗೆದುಹಾಕಬಹುದು.

ನನಗೆ ಬಸಿರಿನಲ್ಲಿ ಸಕ್ಕರೆ ಏರಿತ್ತು. ಹೆರಿಗೆಯಾದ ಮೇಲೆ ಎಲ್ಲರ ಗಮನ ಮಗುವಿನ ಕಡೆಗೆ. ತಾಯಿಯ ಸಕ್ಕರೆಯನ್ನು ಮತ್ತೆ ನೋಡಬೇಕು ಅನ್ನುವುದು ಮರೆತೇ ಹೋಗುತ್ತದೆ. ಬಸಿರಿನಲ್ಲಿ ಸಕ್ಕರೆ ಬಂದವರು ಹೆರಿಗೆಯಾಗಿ 4ರಿಂದ 12 ವಾರದೊಳಗೆ ಒಮ್ಮೆ, ಆಮೇಲೆ ಜೀವನಪೂರ್ತಿ 1ರಿಂದ 3 ವರ್ಷಕ್ಕೊಮ್ಮೆ ನೋಡಿಸಿಕೊಳ್ಳಬೇಕು. ನಾನು ಈಗ ಎಚ್‌ಬಿಎ1ಸಿ ಮಾಡಿಸುತ್ತೇನೆ, ಅದು ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ರಕ್ತದ ಟೆಸ್ಟ್. ಶೇ 5.7ರಿಂದ 6.4 ಇದ್ದರೆ ಎಚ್ಚರಿಕೆ, 6.5 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಡಯಾಬಿಟಿಸ್. ಹೊಸ ಡಾಕ್ಟರ ಹತ್ತಿರ ಹೋದಾಗಲೆಲ್ಲ ಬಸಿರಿನ ಈ ವಿಷಯವನ್ನು ನಾನೇ ಮೊದಲು ಹೇಳುತ್ತೇನೆ. ಬಸಿರಿನಲ್ಲಿ ಬಿಪಿ ಏರಿದ್ದವರೂ ಹೇಳಬೇಕು, ಮುಂದೆ ಹೃದಯದ ತೊಂದರೆ ಬರುವ ಸಾಧ್ಯತೆ ಅವರಿಗೆ ಜಾಸ್ತಿ.

ಮ್ಯಾಮೊಗ್ರಾಮ್, ಅಂದರೆ ಸ್ತನದ ಎಕ್ಸ್‌ರೇ, ಯಾವಾಗ ಶುರು ಮಾಡಬೇಕು ಅನ್ನುವುದರಲ್ಲಿ ಎಲ್ಲರದೂ ಒಂದೇ ಮಾತಿಲ್ಲ. ಕೆಲವರು 40 ಎನ್ನುತ್ತಾರೆ, ಕೆಲವರು 50. ನಾನು 40ಕ್ಕೇ ಶುರು ಮಾಡಿದೆ, ಎರಡು ವರ್ಷಕ್ಕೊಮ್ಮೆ. ಆ ದಿನ ಪೌಡರ್, ಡಿಯೋಡರೆಂಟ್ ಹಾಕುವುದಿಲ್ಲ. ಅವು ಚಿತ್ರದಲ್ಲಿ ಸಣ್ಣ ಬಿಳಿ ಚುಕ್ಕೆಗಳಾಗಿ ಕಂಡು ಗೊಂದಲ ಮಾಡುತ್ತವೆ. ಹಳೆಯ ಚಿತ್ರಗಳನ್ನು ಜೊತೆಗೆ ಒಯ್ಯುತ್ತೇನೆ.

ಅಮ್ಮನ ವಿಷಯದಲ್ಲಿ ನಾನು ಹಟ ಹಿಡಿದದ್ದು ಬಿಪಿ ಅಳೆಯುವ ಕ್ರಮಕ್ಕೆ. ಮೆಟ್ಟಿಲು ಹತ್ತಿ ಬಂದವಳ ತೋಳಿಗೆ ಆಗಲೇ ಪಟ್ಟಿ ಸುತ್ತಿ, ಮಾತಾಡಿಸುತ್ತಾ ಅಳೆದರೆ ಬರುವ ಅಂಕಿಯನ್ನು ನಂಬುವುದು ಹೇಗೆ? ಮೊದಲು ಮೂತ್ರಕ್ಕೆ ಹೋಗಿಬರಲಿ. ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ, ಪಾದ ನೆಲಕ್ಕೆ ಊರಿ, ಐದು ನಿಮಿಷ ಸುಮ್ಮನೆ ಕೂರಲಿ. ತೋಳು ಎದೆಯ ಮಟ್ಟಕ್ಕಿರಲಿ, ಅಳೆಯುವಾಗ ಮಾತು ಬೇಡ. ಮನೆಯಲ್ಲೂ ಹೀಗೇ ಅಳೆದು ಬರೆದಿಡುತ್ತೇವೆ. ಡಾಕ್ಟರು ಆ ಪಟ್ಟಿ ನೋಡಿಯೇ ಮಾತ್ರೆಯ ಬಗ್ಗೆ ತೀರ್ಮಾನ ಮಾಡುತ್ತಾರೆ.

ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ತಪಾಸಣೆಯ ತಾರೀಖಿಗೆ ಕಾಯಬಾರದು, ತಕ್ಷಣ ತೋರಿಸಬೇಕು. ಇದನ್ನು ಅಮ್ಮನಿಗೆ ಬಾಯಿಬಿಟ್ಟು ಹೇಳಿದ್ದೇನೆ. ಸಂಕೋಚದಿಂದ ಮುಚ್ಚಿಟ್ಟುಕೊಳ್ಳುವ ವಿಷಯ ಇದು.

ಮೂಳೆ ಎಷ್ಟು ಗಟ್ಟಿ ಇದೆ ಎಂದು ನೋಡುವ ಡೆಕ್ಸಾ ಸ್ಕ್ಯಾನ್ 65ರ ನಂತರ ಎಲ್ಲ ಹೆಂಗಸರಿಗೂ ಬೇಕು. ಮುಟ್ಟು ಬೇಗ ನಿಂತವರಿಗೆ, ಸಣ್ಣ ಏಟಿಗೇ ಮೂಳೆ ಮುರಿದವರಿಗೆ ಇನ್ನೂ ಮೊದಲೇ. ರಿಪೋರ್ಟಿನಲ್ಲಿ ಬರುವ ಟಿ-ಸ್ಕೋರ್ ಎಂಬ ಅಂಕಿ ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ತೊಂದರೆ. ಮಷಿನ್‌ನಿಂದ ಮಷಿನ್‌ಗೆ ಅಂಕಿ ಸ್ವಲ್ಪ ಬದಲಾಗುತ್ತದೆ. ಅದಕ್ಕೇ ಅಮ್ಮನ ಮುಂದಿನ ಸ್ಕ್ಯಾನನ್ನು ಹಿಂದಿನ ಜಾಗದಲ್ಲೇ, ಅದೇ ಮಷಿನ್‌ನಲ್ಲೇ ಮಾಡಿಸುತ್ತೇವೆ.