ಬಿ-52ಸ್ ಬಳಗದ ಮೊದಲ ಆಲ್ಬಂ: ಕೇಳುವುದು ಹೇಗೆ, ಕೇಳಿಸುವುದು ಹೇಗೆ

ಅಮೆರಿಕದ ಬಿ-52ಸ್ ಬಳಗ ತನ್ನದೇ ಹೆಸರಿಟ್ಟು ಹೊರತಂದ ಮೊದಲ ಆಲ್ಬಂ 1979ರ ಜುಲೈನಲ್ಲಿ ಮಾರುಕಟ್ಟೆಗೆ ಬಂತು. ಹಳದಿ ಹಿನ್ನೆಲೆಯ ಮುಖಪುಟದಲ್ಲಿ ಕೂದಲನ್ನು ಗೋಪುರದಂತೆ ಏರಿಸಿಕೊಂಡ ಇಬ್ಬರು ಹೆಂಗಸರೂ ಮೂವರು ಗಂಡಸರೂ ಇದ್ದಾರೆ. ಒಳಗೆ ಒಂಬತ್ತು ಹಾಡುಗಳು, ಒಟ್ಟು ಸುಮಾರು 40 ನಿಮಿಷ. ಬೇರೆ ಗ್ರಹದಿಂದ ಬಂದ ಹುಡುಗಿ, ಸಮುದ್ರತೀರದ ಪಾರ್ಟಿಯಲ್ಲಿ ಸಿಕ್ಕ ಲಾಬ್‌ಸ್ಟರ್, ಶೌಚಾಲಯದ ಗೋಡೆಯ ಮೇಲೆ ಗೀಚಿದ ಫೋನ್ ನಂಬರು ಇವೇ ಹಾಡುಗಳ ವಸ್ತು. ತಮಾಷೆಯ ಸಂಗೀತ ಸಾಮಾನ್ಯವಾಗಿ ಎರಡು ಮೂರು ವರ್ಷಗಳಲ್ಲಿ ಹಳಸಿಬಿಡುತ್ತದೆ. ಇದು ಹಳಸಿಲ್ಲ, ಮತ್ತು ಅದಕ್ಕೆ ಕಾರಣ ಹಾಡುಗಳ ತಮಾಷೆಗಿಂತ ಹೆಚ್ಚಾಗಿ ಅವುಗಳಲ್ಲಿ ಬಿಟ್ಟಿರುವ ಖಾಲಿ ಜಾಗದಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಭಾವಗೀತೆ ಮತ್ತು ಹಿಂದಿ ಚಿತ್ರಗೀತೆಗಳನ್ನು ಕೇಳುತ್ತ ಬೆಳೆದ ಮುಂಬಯಿ ಕನ್ನಡಿಗರು ಆ ಖಾಲಿ ಜಾಗವನ್ನು ಕಿವಿಯಿಂದ ಹಿಡಿಯುವುದು ಹೇಗೆ, ಅನಂತರ ಮನೆಯವರಿಗೂ ಗೆಳೆಯರಿಗೂ ಕೇಳಿಸುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲು ಆಲ್ಬಂ ಕೈಗೆ ಸಿಗಬೇಕು. ಕಾಲಾ ಘೋಡಾದ ರಿದಮ್ ಹೌಸ್ 2016ರಲ್ಲಿ ಬಾಗಿಲು ಮುಚ್ಚಿದ ಮೇಲೆ, ಲಾಂಗ್‌ಪ್ಲೇ ರೆಕಾರ್ಡೇ ಬೇಕೆನ್ನುವವರು ಚೋರ್ ಬಜಾರಿನ ಮಟನ್ ಸ್ಟ್ರೀಟಿನ ಹಳೆಯ ಸಾಮಾನಿನ ಅಂಗಡಿಗಳಲ್ಲಿ ತಾಳ್ಮೆಯಿಂದ ಹುಡುಕಬೇಕಾಗುತ್ತದೆ. ಇದೇ ರೆಕಾರ್ಡು ಸಿಕ್ಕೀತೆಂಬ ಖಾತರಿ ಏನೂ ಇಲ್ಲ. ಸಿಕ್ಕರೆ ಅದನ್ನು ಬೆಳಕಿಗೆ ಓರೆಯಾಗಿ ಹಿಡಿದು ಮೊದಲ ಮಗ್ಗುಲಿನ ಹೊರ ಅಂಚನ್ನು ವಿಶೇಷವಾಗಿ ನೋಡಿ, ಏಕೆಂದರೆ ಮೊದಲ ಹಾಡು ‘ಪ್ಲಾನೆಟ್ ಕ್ಲೇರ್’ ಬರಿಯ ಬೀಪ್ ಸದ್ದುಗಳಿಂದ ಆರಂಭವಾಗುವುದರಿಂದ ಅಲ್ಲಿ ಗೀರುಗಳಿದ್ದರೆ ಗ್ರಹದ ಸದ್ದು ಯಾವುದು, ಧೂಳಿನ ಸದ್ದು ಯಾವುದು ಎಂದು ತಿಳಿಯುವುದಿಲ್ಲ. ಫೋನಿನ ಆ್ಯಪ್‌ನಲ್ಲಿ ಕೇಳುವವರು ಶಫಲ್ (ಹಾಡುಗಳ ಕ್ರಮ ಕಲಸುವುದು) ಮತ್ತು ಕ್ರಾಸ್‌ಫೇಡ್ (ಒಂದು ಹಾಡಿನ ಕೊನೆಯನ್ನು ಮುಂದಿನದರೊಳಗೆ ಬೆರೆಸುವುದು) ಎರಡನ್ನೂ ಆಫ್ ಮಾಡಿ, ಬೇಸ್ ಹೆಚ್ಚಿಸುವ ಈಕ್ವಲೈಸರನ್ನು ತೆಗೆದುಹಾಕಬೇಕು. ಥಾಣೆಯಿಂದ ದಾದರಿಗೆ ಸ್ಲೋ ಲೋಕಲ್ ತೆಗೆದುಕೊಳ್ಳುವ ಸಮಯಕ್ಕೂ ಈ ಆಲ್ಬಂನ ಅವಧಿಗೂ ಹೆಚ್ಚುಕಡಿಮೆ ಹೊಂದಿಕೆಯಾಗುತ್ತದೆ ನಿಜ, ಆದರೂ ಮೊದಲ ಸಲ ರೈಲಿನಲ್ಲಿ ಕೇಳಬೇಡಿ. ಹಳಿಯ ಸದ್ದು ತುಂಬಿಕೊಳ್ಳುವುದು ಇಲ್ಲಿ ನಾವು ಕೇಳಬೇಕಾದ ಖಾಲಿ ಜಾಗವನ್ನೇ.

ಕಿವಿಯನ್ನು ಸಿದ್ಧಗೊಳಿಸಿಕೊಳ್ಳಲು ಒಂದು ಸುಲಭ ಉಪಾಯವಿದೆ. 1965ರ ‘ಗುಮ್ನಾಮ್’ ಚಿತ್ರಕ್ಕೆ ಶಂಕರ್-ಜೈಕಿಶನ್ ಸಂಯೋಜಿಸಿ ಮೊಹಮ್ಮದ್ ರಫಿ ಹಾಡಿದ ‘ಜಾನ್ ಪೆಹಚಾನ್ ಹೋ’ ಹಾಡನ್ನು ಮೊದಲು ಒಮ್ಮೆ ಕೇಳಿ, ರಫಿಯವರ ದನಿಯನ್ನು ಬದಿಗಿಟ್ಟು ಎಲೆಕ್ಟ್ರಿಕ್ ಗಿಟಾರನ್ನಷ್ಟೇ ಹಿಂಬಾಲಿಸಿ. ಅರವತ್ತರ ದಶಕದಲ್ಲಿ ಬೊಂಬಾಯಿಯ ಚಿತ್ರಸಂಗೀತದ ವಾದ್ಯಮೇಳಗಳಲ್ಲಿ ಗೋವಾದ ವಾದಕರು ದೊಡ್ಡ ಸಂಖ್ಯೆಯಲ್ಲಿದ್ದರು, ಮತ್ತು ಪಶ್ಚಿಮದ ನೃತ್ಯಸಂಗೀತ ಅವರಿಗೆ ಕರತಲಾಮಲಕವಾಗಿತ್ತು. ಜಾರ್ಜಿಯಾ ರಾಜ್ಯದ ಆಥೆನ್ಸ್ ಎಂಬ ಊರಿನಲ್ಲಿ 1976ರಲ್ಲಿ ಒಟ್ಟುಗೂಡಿದ ಬಿ-52ಸ್ ಬಳಗದ ಐವರು ತಮ್ಮ ಸದ್ದನ್ನು ಕಟ್ಟಿಕೊಂಡದ್ದೂ ಅದೇ ಅರವತ್ತರ ದಶಕದ ಸಾಮಗ್ರಿಯಿಂದ: ಝಣಗುಟ್ಟುವ ಗಿಟಾರು, ಅಗ್ಗದ ಆರ್ಗನ್, ಪತ್ತೇದಾರಿ ಧಾರಾವಾಹಿಗಳ ಹಿನ್ನೆಲೆ ಸಂಗೀತ. ‘ಪ್ಲಾನೆಟ್ ಕ್ಲೇರ್’ ಹಾಡಿನ ಗಿಟಾರಿನ ಎಳೆಯಂತೂ ಹೆನ್ರಿ ಮಾನ್ಸಿನಿ 1958ರ ‘ಪೀಟರ್ ಗನ್’ ಧಾರಾವಾಹಿಗಾಗಿ ರಚಿಸಿದ ಸಂಗೀತದಿಂದ ನೇರವಾಗಿ ಬಂದದ್ದು. ಹಳೆಯ ಹಿಂದಿ ಹಾಡುಗಳ ಪರಿಚಯವಿರುವ ನಮ್ಮವರಿಗೆ ಇದು ತೀರಾ ಹೊರಗಿನ ಸಂಗೀತವೆಂದು ಅನ್ನಿಸಬೇಕಾಗಿಲ್ಲ.

ಮೊದಲ ಕೇಳ್ಮೆಯಲ್ಲಿ ಸಾಹಿತ್ಯವನ್ನು ಮುಂದಿಟ್ಟುಕೊಳ್ಳದೆ, ಫೋನನ್ನು ದೂರವಿಟ್ಟು, ಆರಂಭದಿಂದ ಕೊನೆಯವರೆಗೆ ಒಂದೇ ಕೂರಿಕೆಯಲ್ಲಿ ಕೇಳಿ. ಮೊದಲ ಹಾಡಿನಲ್ಲಿ ಬಳಗದ ಗಾಯಕ ಫ್ರೆಡ್ ಷ್ನೈಡರ್ ಬಾಯಿ ತೆರೆಯುವುದಕ್ಕೆ ಎರಡು ನಿಮಿಷಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ. ಅಷ್ಟರಲ್ಲಿ ಬೇಸತ್ತು ಮುಂದಕ್ಕೆ ಓಡಿಸಬಾರದು. ಅಲ್ಲಿ ಕೇಟ್ ಪಿಯರ್ಸನ್ ಕೀಬೋರ್ಡಿನ ಸ್ವರಕ್ಕೆ ತನ್ನ ದನಿಯನ್ನು ಕೂಡಿಸಿ ಹಾಡುವುದರಿಂದ ಯಂತ್ರ ಎಲ್ಲಿ ಮುಗಿಯಿತು, ಕಂಠ ಎಲ್ಲಿ ಶುರುವಾಯಿತು ಎಂಬ ಸಂದೇಹ ಹುಟ್ಟುತ್ತದೆ, ಮತ್ತು ಆ ಸಂದೇಹವೇ ಹಾಡಿನ ಸೊಗಸು.

ಎರಡನೆಯ ಸಲ ಗಿಟಾರನ್ನು ಮಾತ್ರ ಹಿಂಬಾಲಿಸಿ. ಈ ಆಲ್ಬಂನ ಜೀವಾಳ ಅಲ್ಲಿದೆ. ರಿಕಿ ವಿಲ್ಸನ್ ತನ್ನ ಗಿಟಾರಿನ ನಡುವಿನ ತಂತಿಗಳನ್ನು ತೆಗೆದುಹಾಕಿ, ಉಳಿದವುಗಳನ್ನು ತನ್ನದೇ ರೀತಿಯಲ್ಲಿ ಶ್ರುತಿ ಮಾಡಿಕೊಂಡು, ಕೆಳಗಿನ ತಂತಿಗಳಲ್ಲಿ ಮಂದ್ರದ ಎಳೆಯನ್ನೂ ಮೇಲಿನವುಗಳಲ್ಲಿ ಚುರುಕಾದ ಸ್ವರಗಳನ್ನೂ ನುಡಿಸುತ್ತಿದ್ದ. ಬಳಗದಲ್ಲಿ ಬೇಸ್ ಗಿಟಾರ್ ನುಡಿಸುವವರೇ ಇರಲಿಲ್ಲ. ಆ ಕೆಲಸವನ್ನು ಕೇಟ್ ಕೀಬೋರ್ಡಿನಲ್ಲಿ ಮಾಡುತ್ತಿದ್ದಳು. ಹೀಗಾಗಿ ರಾಕ್ ಸಂಗೀತದಲ್ಲಿ ಸಾಮಾನ್ಯವಾಗಿ ಗಿಟಾರು ತುಂಬಿ ತುಳುಕುವ ನಡುಸ್ಥಾಯಿ ಇಲ್ಲಿ ಬರಿದಾಗಿದೆ, ಮತ್ತು ಮೂವರು ಗಾಯಕರು ನೆಲೆ ನಿಂತಿರುವುದು ಆ ಬರಿದಾದ ಜಾಗದಲ್ಲಿಯೇ. ನಿರ್ಮಾಪಕ ಕ್ರಿಸ್ ಬ್ಲ್ಯಾಕ್‌ವೆಲ್ ಬಹಾಮಾಸ್‌ನ ನಾಸೌನಲ್ಲಿರುವ ಕಂಪಾಸ್ ಪಾಯಿಂಟ್ ಸ್ಟುಡಿಯೋದಲ್ಲಿ ಇವರ ಧ್ವನಿಮುದ್ರಣ ಮಾಡುವಾಗ, ವೇದಿಕೆಯ ಮೇಲೆ ಕೇಳಿಸುತ್ತಿದ್ದಂತೆಯೇ ಇರಲೆಂದು ಆಮೇಲೆ ಮೇಲಿನಿಂದ ಕೂಡಿಸುವ ಸದ್ದುಗಳನ್ನು (ಓವರ್‌ಡಬ್) ಬಹುಮಟ್ಟಿಗೆ ಸೇರಿಸಲಿಲ್ಲ. ಅದೇ ಕಾಲದ ಎಷ್ಟೋ ರೆಕಾರ್ಡುಗಳು ಅಂದಿನ ಹೊಸ ಯಂತ್ರಗಳ ಮೋಹದಿಂದಾಗಿ ಇಂದು ಕಾಲದ ಮುದ್ರೆ ಒತ್ತಿಸಿಕೊಂಡು ಕುಳಿತಿವೆ. ಇದರ ಮೇಲೆ ಅಂಥ ಮುದ್ರೆ ಬೀಳದಿರುವುದಕ್ಕೆ ಆ ಸಂಯಮವೇ ಮುಖ್ಯ ಕಾರಣ.

ಮೂರನೆಯ ಸಲ ದನಿಗಳನ್ನು ಗಮನಿಸಿ. ‘ಡಾನ್ಸ್ ದಿಸ್ ಮೆಸ್ ಅರೌಂಡ್’ ಹಾಡಿನಲ್ಲಿ ಸಿಂಡಿ ವಿಲ್ಸನ್ ತನ್ನೊಂದಿಗೆ ಏಕೆ ಕುಣಿಯುವುದಿಲ್ಲವೆಂದು ಮೊದಲು ಬೇಡಿಕೊಳ್ಳುತ್ತಾಳೆ, ಅನಂತರ ಅದೇ ಪ್ರಶ್ನೆಯನ್ನು ಕಿರಿಚಿ ಕೇಳುತ್ತಾಳೆ, ಮತ್ತು ಆ ಕಿರಿಚಾಟದಲ್ಲಿ ನಟನೆಯ ಲೇಪ ಸ್ವಲ್ಪವೂ ಇಲ್ಲ. ಸುಮಾರು ಏಳು ನಿಮಿಷದ ‘ರಾಕ್ ಲಾಬ್‌ಸ್ಟರ್’ ಹಾಡಿಗಂತೂ ಹೆಡ್‌ಫೋನ್ ಹಾಕಿಕೊಳ್ಳಬೇಕು. ಅಟ್ಲಾಂಟಾದ ನೃತ್ಯಶಾಲೆಯೊಂದರಲ್ಲಿ ಬಣ್ಣದ ದೀಪಗಳ ಬದಲು ನಾಯಿಮರಿ, ಹಸುಗೂಸು, ಸುಡುತ್ತಿರುವ ಲಾಬ್‌ಸ್ಟರ್‌ಗಳ ಸ್ಲೈಡುಗಳನ್ನು ತೋರಿಸುತ್ತಿದ್ದುದನ್ನು ಕಂಡು ಷ್ನೈಡರ್‌ಗೆ ಈ ಹಾಡು ಹೊಳೆಯಿತಂತೆ. ನಡುವೆ ‘ಡೌನ್’ ಎಂಬ ಒಂದೇ ಪದವನ್ನು ಹೇಳುತ್ತ ದನಿಗಳೂ ವಾದ್ಯಗಳೂ ಮೆಟ್ಟಿಲಿಳಿಯುತ್ತವೆ, ಸದ್ದು ಹೆಚ್ಚುಕಡಿಮೆ ಅಡಗುತ್ತದೆ, ಮತ್ತೆ ಗಿಟಾರು ತಟ್ಟನೆ ಎದ್ದು ನಿಲ್ಲುತ್ತದೆ. ಕೊನೆಯಲ್ಲಿ ಷ್ನೈಡರ್ ಕಡಲಿನ ಪ್ರಾಣಿಗಳನ್ನು ಒಂದೊಂದಾಗಿ ಹೆಸರಿಸಿ ಕರೆದಂತೆಲ್ಲ ಹೆಂಗಸರಿಬ್ಬರು ಅವುಗಳ ಕೂಗನ್ನು ಅನುಕರಿಸುತ್ತಾರೆ. ಮೀನಿಗೆ ಕೂಗು ಎಲ್ಲಿಂದ ಬಂತು ಎಂದು ಕೇಳುವವರು ಈ ಆಲ್ಬಂನ ಗೊಡವೆಗೆ ಹೋಗದಿರುವುದೇ ಲೇಸು. 1980ರಲ್ಲಿ ಬರ್ಮುಡಾದಲ್ಲಿ ಈ ಹಾಡನ್ನು ಕೇಳಿದ, ಹಿಂದೆ ಬೀಟಲ್ಸ್ ಬಳಗದಲ್ಲಿದ್ದ ಜಾನ್ ಲೆನನ್‌ಗೆ ಅದು ತಮ್ಮ ಪತ್ನಿ ಯೋಕೋ ಓನೋ ಅವರ ಸಂಗೀತದಂತೆಯೇ ಕೇಳಿಸಿತು, ಮತ್ತು ಲೆನನ್ ಧ್ವನಿಮುದ್ರಣಕ್ಕೆ ಮರಳಲು ಅದು ಪ್ರೇರಣೆಯಾಯಿತು.

ಇತರರಿಗೆ ಕೇಳಿಸುವಾಗ ಮಾಡಬೇಕಾದ ಮೊದಲ ಕೆಲಸವೆಂದರೆ ಹೊಗಳದಿರುವುದು. ಮಾಟುಂಗಾದಲ್ಲಾಗಲಿ ಡೊಂಬಿವಲಿಯಲ್ಲಾಗಲಿ ಭಾನುವಾರದ ಮಧ್ಯಾಹ್ನ ನಾಲ್ಕಾರು ಮಂದಿ ಸೇರಿದಾಗ, ಊಟವಾದೊಡನೆ ಬೇಡ, ಕಾಫಿಯಾದ ಮೇಲೆ ಹಚ್ಚಿ. ಪಕ್ಕದ ಫ್ಲ್ಯಾಟಿನವರು ಗೋಡೆ ತಟ್ಟದಷ್ಟು ದನಿ ಸಾಕು. ‘ರಾಕ್ ಲಾಬ್‌ಸ್ಟರ್’ ಹಾಡನ್ನೇ ಮೊದಲು ಕೇಳಿಸಿದರೆ ಎಲ್ಲರೂ ನಕ್ಕು ಅಲ್ಲಿಗೇ ಮುಗಿಸುತ್ತಾರೆ. ಅದಕ್ಕಿಂತ ‘52 ಗರ್ಲ್ಸ್’ ಹಾಡಿನಿಂದ ಆರಂಭಿಸುವುದು ಒಳ್ಳೆಯದು. ಹೆಂಗಸರ ಹೆಸರುಗಳ ಪಟ್ಟಿಯೇ ಆಗಿರುವ ಆ ಹಾಡಿನಲ್ಲಿ ಎಷ್ಟು ಹೆಸರುಗಳಿವೆ ಎಂದು ಎಣಿಸಲು ಮಕ್ಕಳಿಗೆ ಹೇಳಿದರೆ, 52 ಸಿಗದೆ ಅವರು ಮತ್ತೊಮ್ಮೆ ಹಾಕೆಂದು ತಾವಾಗಿಯೇ ಒತ್ತಾಯಿಸುತ್ತಾರೆ. ಇದೇನು ಹಾಡೋ ಮಾತೋ ಎಂದು ಷ್ನೈಡರ್‌ನ ಗಾಯನದ ಬಗ್ಗೆ ಕರಾವಳಿಯ ಹಿರಿಯರು ಆಕ್ಷೇಪಿಸಿದರೆ ಯಕ್ಷಗಾನದ ಹಾಸ್ಯಗಾರನನ್ನು ನೆನಪಿಸಿ: ಸಭೆಯೆಲ್ಲ ನಗುತ್ತಿದ್ದರೂ ಆತ ನಗುವುದಿಲ್ಲ, ತನ್ನ ಪಾತ್ರದ ಕಷ್ಟವನ್ನು ಪೂರ್ತಿ ನಂಬಿಯೇ ಮಾತಾಡುತ್ತಾನೆ. ಷ್ನೈಡರ್ ಕೂಡ ಲಾಬ್‌ಸ್ಟರಿನ ಸುದ್ದಿಯನ್ನು ವಾರ್ತೆ ಓದುವವರ ಗಾಂಭೀರ್ಯದಲ್ಲಿ ಒಪ್ಪಿಸುತ್ತಾನೆ.

ಎರಡನೆಯ ಮಗ್ಗುಲು ಮೊದಲನೆಯದರಷ್ಟು ಬಿಗಿಯಾಗಿಲ್ಲ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ‘6060-842’ ಚೆನ್ನಾಗಿದೆ, ‘ಲಾವಾ’ ತುಸು ಉದ್ದವಾಯಿತು, ಪೆಟುಲಾ ಕ್ಲಾರ್ಕ್ 1964ರಲ್ಲಿ ಪ್ರಸಿದ್ಧಗೊಳಿಸಿದ ‘ಡೌನ್‌ಟೌನ್’ ಹಾಡಿನ ಮರುಪ್ರಸ್ತುತಿ ಇಲ್ಲದಿದ್ದರೂ ನಷ್ಟವಿರಲಿಲ್ಲ. ಸಮಯ ಕಡಿಮೆಯಿದ್ದ ದಿನ ಮೊದಲ ಮಗ್ಗುಲನ್ನಷ್ಟೇ ಕೇಳಿಸಿ ನಿಲ್ಲಿಸಬಹುದು.

ಇಷ್ಟವಾದವರಿಗೆ ಮುಂದಿನ ದಾರಿಯಾಗಿ 1980ರ ‘ವೈಲ್ಡ್ ಪ್ಲಾನೆಟ್’ ಆಲ್ಬಂ ಕೊಡಿ. ಅದರ ಹಲವು ಹಾಡುಗಳನ್ನು ಬಳಗ ಮೊದಲ ಆಲ್ಬಂಗೂ ಮುನ್ನವೇ ವೇದಿಕೆಯಲ್ಲಿ ಹಾಡುತ್ತಿತ್ತು, ಗಿಟಾರೂ ಅದೇ. ರಿಕಿ ವಿಲ್ಸನ್ 1985ರಲ್ಲಿ ಏಡ್ಸ್‌ಗೆ ಬಲಿಯಾದ ಮೇಲೆ ಡ್ರಮ್ ನುಡಿಸುತ್ತಿದ್ದ ಕೀತ್ ಸ್ಟ್ರಿಕ್‌ಲ್ಯಾಂಡ್ ಗಿಟಾರ್ ಕೈಗೆತ್ತಿಕೊಂಡ. ‘ಲವ್ ಶ್ಯಾಕ್’ ಹಾಡಿನ ಮೂಲಕ ಈ ಬಳಗವನ್ನು ಬಲ್ಲವರು ಕೇಳಿರುವುದು 1989ರ ಆ ಎರಡನೆಯ ಅವತಾರವನ್ನು. ಅಂಥವರಿಗೆ 1989ರ ಆಲ್ಬಂ ಮತ್ತು ಈ ಮೊದಲ ಆಲ್ಬಂ ಎರಡನ್ನೂ ಒಂದೇ ದಿನ ಕೇಳಿಸಬೇಡಿ, ಏಕೆಂದರೆ ತುಂಬು ಸದ್ದಿನ 1989ರ ಆಲ್ಬಂನ ಬೆನ್ನಲ್ಲೇ ಹಚ್ಚಿದರೆ ಮೊದಲನೆಯದು ಅರೆಬರೆ ಕೆಲಸದಂತೆ ಕೇಳಿಸುತ್ತದೆ.